ನುಡಿಯ ಸ್ವಾತಂತ್ರ್ಯ, ಅದರ ಎಲ್ಲೆ ಮತ್ತು ಶರಣ ಸಾಹಿತ್ಯ

ಒಬ್ಬನು ಆಡಿದ ಮಾತಿನಿಂದಾಗಲಿ ಬರೆದ ಬರಹದಿಂದಾಗಲಿ ನಾಡಿನಲ್ಲಿ ಹಿಂಸೆಯುಂಟಾಗಬಹುದೆಂದು ತೋರಿದಾಗ, ಆ ನುಡಿಯನ್ನು ತಡೆಯುವ ಅಧಿಕಾರವು ಪ್ರಭುತ್ವಕ್ಕೆ ಎಷ್ಟರಮಟ್ಟಿಗೆ ಇರಬೇಕು? ಈ ಪ್ರಶ್ನೆಯು ನ್ಯಾಯಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಪಟ್ಟುದೆಂದು ಭಾವಿಸುವವರುಂಟು. ವಚನ ಸಾಹಿತ್ಯದ ಅಭ್ಯಾಸಿಗಳು ಹಾಗೆ ಭಾವಿಸಿ ಸುಮ್ಮನಿರುವಂತಿಲ್ಲ. 12ನೆಯ ಶತಮಾನದ ಶರಣರು ತಮ್ಮ ನುಡಿಗಾಗಿ ಮತ್ತು ಆ ನುಡಿಯಂತೆ ನಡೆದುದಕ್ಕಾಗಿ ರಾಜದಂಡನೆಗೆ ಗುರಿಯಾದವರು. ಇತ್ತ ನಮ್ಮ ಕಾಲದಲ್ಲಿ, ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಗ್ರಂಥ ಮುಟ್ಟುಗೋಲಿನ ಎರಡು ಪ್ರಮುಖ ವ್ಯಾಜ್ಯಗಳು ಶರಣರ ಚರಿತ್ರೆಯನ್ನೂ ವಚನಗಳ ಪಾಠವನ್ನೂ ಕುರಿತವೇ ಆಗಿವೆ. ಆದುದರಿಂದ ಈ ವಿಷಯದ ಚರಿತ್ರೆಯನ್ನು ಸಂಗ್ರಹವಾಗಿ ಅವಲೋಕಿಸಿ, ನಮ್ಮ ಕರ್ತವ್ಯವೇನೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರಿತ್ರೆಯನ್ನು ನಮ್ಮ ಮೊಳಕಾಲ್ಮೂರು ತಾಲ್ಲೂಕಿನಿಂದಲೇ ಆರಂಭಿಸಬಹುದಾಗಿದೆ. ಇಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಹಚ್ಚಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ ಚಕ್ರವರ್ತಿಯ ಆದೇಶವನ್ನು ತಿಳಿಸುವ ರೀತಿಯಲ್ಲಿ ಇವು ರಚಿತವಾಗಿವೆ. ತಂದೆತಾಯಿಗಳ ಮಾತಿಗೆ ನಡೆಯಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬುದು ಅವುಗಳ ಉಪದೇಶ. ನಮ್ಮ ಬೆಟ್ಟದ ಬಂಡೆಗಳ ಮೇಲೆ ಅಕ್ಷರ ಮೂಡಿದ ಮೊದಲ ಕಾಲದಲ್ಲಿಯೇ ನುಡಿಯ ಧರ್ಮವೂ ಅವುಗಳಲ್ಲಿ ಸೇರಿತೆಂಬುದು ಗಮನಾರ್ಹ.

ಸತ್ಯವನ್ನು ನುಡಿಯಬೇಕೆಂಬುದು ನುಡಿಯ ಧರ್ಮದ ಒಂದು ಮುಖವಾದರೆ, ಪರಮತದ ವಿಷಯದಲ್ಲಿ ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಬೇಕೆಂಬುದು ಇನ್ನೊಂದು ಮುಖ. ಇದನ್ನು ಅಶೋಕನು ತನ್ನ 12ನೆಯ ಬಂಡೆ ಶಾಸನದಲ್ಲಿ ವಿವರಿಸಿದ್ದಾನೆ. ಈ ಶಾಸನದ ಪಾಠವು ಕರ್ನಾಟಕದಲ್ಲಿಯೂ, ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ, ದೇವಿಯ ಪೀಠಕ್ಕೆ ಬಳಕೆಯಾಗಿದ್ದ ಕಲ್ಲೊಂದರಲ್ಲಿ 1980ರ ದಶಕದಲ್ಲಿ ಬೆಳಕಿಗೆ ಬಂದಿತು. ತನ್ನ ಮತವನ್ನು ಅತಿಯಾಗಿ ಹೊಗಳಿಕೊಳ್ಳುವುದೂ ಸಕಾರಣವಿಲ್ಲದೆ ಪರಮತವನ್ನು ಹಳಿಯುವುದೂ ಸಲ್ಲದು. ಹಾಗೆ ಮಾಡಿದವನು ತನ್ನ ಮತಕ್ಕೇ ಕೇಡು ತರುತ್ತಾನೆ. ಎಲ್ಲರೂ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಎಂಬುದು ಅದರ ಸಾರಾಂಶ. ಈ ಸಂಯಮಕ್ಕೆ ಶಾಸನವು ‘ವಚೋಗುಪ್ತಿ’, ಅಂದರೆ ಮಾತಿನ ಕಾವಲು, ಎಂಬರ್ಥದ ಪ್ರಾಕೃತ ಶಬ್ದವನ್ನು ಬಳಸಿದೆ. ಇಲ್ಲಿ ನಾವು ಮರೆಯಬಾರದ ಅಂಶವೊಂದುಂಟು. ವಿಶಾಲ ಸಾಮ್ರಾಜ್ಯದ ದಂಡಶಕ್ತಿಯೆಲ್ಲ ಕೈಯಲ್ಲಿದ್ದ ಅರಸನು ಈ ಶಾಸನದಲ್ಲಿ ತಪ್ಪಿ ನುಡಿದವನಿಗೆ ಯಾವ ಶಿಕ್ಷೆಯನ್ನೂ ವಿಧಿಸಿಲ್ಲ. ಮಾತಿನ ಕಾವಲನ್ನು ಮಾತಾಡುವವನಿಗೇ ಒಪ್ಪಿಸಿದ್ದಾನೆ.

ಕಲ್ಯಾಣದಲ್ಲಿ ನಡೆದುದು ಇದಕ್ಕೆ ವ್ಯತಿರಿಕ್ತವಾದುದು. ಶರಣರ ನುಡಿಯು ಎಲ್ಲರಿಗೂ ಹಿತವಾಗುವ ನುಡಿಯಾಗಿರಲಿಲ್ಲ. ಜಾತಿಯ ಮೇಲುಕೀಳನ್ನು, ಯಜ್ಞದ ಪಶುಬಲಿಯನ್ನು, ಆಚಾರವಿಲ್ಲದ ಪೂಜೆಯನ್ನು ಅವರು ನೇರವಾದ ಮಾತುಗಳಲ್ಲಿ ಖಂಡಿಸಿದರು. ಅದರಿಂದ ಅಂದಿನ ಬಹುಜನರ ಶ್ರದ್ಧೆಗೆ ನೋವಾಯಿತೆಂಬುದರಲ್ಲಿ ಸಂಶಯವಿಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದಾಗ, ವರ್ಣಸಂಕರವಾಯಿತು, ರಾಜ್ಯ ಕೆಡುತ್ತದೆ ಎಂಬ ದೂರು ಬಿಜ್ಜಳನ ಬಳಿಗೆ ಹೋಯಿತೆಂದೂ ಅವರಿಬ್ಬರಿಗೂ ಘೋರಶಿಕ್ಷೆಯಾಯಿತೆಂದೂ ನಮ್ಮ ಪರಂಪರೆ ಹೇಳುತ್ತದೆ. ಇಂದಿನ ಕಾನೂನಿನ ಪರಿಭಾಷೆಯಲ್ಲಿ ಹೇಳುವುದಾದರೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಅವರು ದಂಡಿತರಾದರು. ಶಾಂತಿ ಮಾತ್ರ ಉಳಿಯಲಿಲ್ಲ. ಬಿಜ್ಜಳನ ಕೊಲೆಯೂ ಆಯಿತು, ಶರಣರು ಚದುರಿದರು, ಚೆನ್ನಬಸವಣ್ಣನವರ ನೇತೃತ್ವದಲ್ಲಿ ಒಂದು ತಂಡವು ಉಳವಿಯತ್ತ ಸಾಗಿತು. ಬಿಜ್ಜಳನ ಕೊಲೆಯ ಹೊಣೆಯನ್ನು ಪುರಾಣಗಳು ಜಗದೇವ ಮೊದಲಾದ ಶಿವಭಕ್ತರ ಮೇಲೆಯೇ ಹೊರಿಸಿರುವುದನ್ನೂ ನಾವು ಮುಚ್ಚಿಡಬೇಕಾಗಿಲ್ಲ. ನುಡಿಯನ್ನು ದಂಡನೆಯಿಂದ ಅಡಗಿಸಿದ ಪ್ರಭುತ್ವವೂ, ದಂಡನೆಗೆ ಪ್ರತಿಯಾಗಿ ಕತ್ತಿ ಹಿಡಿದ ಭಕ್ತರೂ ಕೂಡಿ ಕಲ್ಯಾಣವನ್ನು ಕಳೆದರು.

ಬಸವಣ್ಣನವರ ಉಪದೇಶವು ಈ ಎರಡೂ ಮಾರ್ಗಗಳಿಗಿಂತ ಭಿನ್ನವಾದುದು. ನುಡಿಯು ಹೇಗಿರಬೇಕೆಂಬುದನ್ನು ಕುರಿತ ಅವರ ವಚನವು ಕನ್ನಡ ನಾಡಿನ ಶಾಲೆಯ ಮಕ್ಕಳಿಗೂ ಕಂಠಪಾಠವಾಗಿದೆ. ಆ ವಚನವು ನುಡಿಯ ಸೊಬಗಿನ ವರ್ಣನೆಗೆ ನಿಲ್ಲದೆ, ನಡೆಯಲ್ಲಿ ಬಾರದ ನುಡಿಯನ್ನು ದೇವರು ಒಪ್ಪನೆಂಬಲ್ಲಿ ಮುಕ್ತಾಯವಾಗುತ್ತದೆ. ಮುನಿದವರ ಮೇಲೆ ಮುನಿಯಬಾರದೆಂಬ ಇನ್ನೊಂದು ವಚನವು ಕೇಳುವವನನ್ನು ಉದ್ದೇಶಿಸಿದೆ. ಸಿಟ್ಟು ಮೊದಲು ಸುಡುವುದು ಸಿಟ್ಟುಗೊಂಡವನನ್ನೇ ಎಂಬುದು ಅದರ ತಾತ್ಪರ್ಯ. ಈ ಎರಡು ವಚನಗಳನ್ನು ಒಟ್ಟಿಗೆ ಓದಿದಾಗ ಒಂದು ನ್ಯಾಯವು ಸ್ಪಷ್ಟವಾಗುತ್ತದೆ. ಮಾತಿನ ಹೊಣೆ ಆಡಿದವನದು. ಕೋಪದ ಹೊಣೆ ಕೋಪಗೊಂಡವನದು. ಒಬ್ಬನ ಹೊಣೆಯನ್ನು ಇನ್ನೊಬ್ಬನ ಮೇಲೆ ಹೊರಿಸಲಾಗದು.

ಇನ್ನು ಆಧುನಿಕ ಕಾನೂನಿನ ಚರಿತ್ರೆಯತ್ತ ಹೊರಳೋಣ. ಭಾರತೀಯ ದಂಡಸಂಹಿತೆಯು 1862ರಲ್ಲಿ ಜಾರಿಗೆ ಬಂದಾಗ, ವರ್ಗ ವರ್ಗಗಳ ನಡುವೆ ವೈರವನ್ನು ಬೆಳೆಸುವ ಮಾತಿಗೆ ಪ್ರತ್ಯೇಕ ಕಲಮು ಅದರಲ್ಲಿರಲಿಲ್ಲ. 153-ಎ ಕಲಮನ್ನು 1898ರಲ್ಲಿ ಸೇರಿಸಲಾಯಿತು. ಬಳಿಕ ಲಾಹೋರಿನಲ್ಲಿ ಪ್ರಕಟವಾದ ‘ರಂಗೀಲಾ ರಸೂಲ್’ ಎಂಬ ಹೊತ್ತಗೆಯು ಪ್ರವಾದಿ ಮಹಮ್ಮದರನ್ನು ಅವಹೇಳನ ಮಾಡಿದೆಯೆಂದು ದೊಡ್ಡ ಕ್ಷೋಭೆಯುಂಟಾಯಿತು. ಗತಿಸಿದ ಧರ್ಮಪುರುಷರ ಟೀಕೆಯು 153-ಎ ಕಲಮಿನ ವ್ಯಾಪ್ತಿಗೆ ಬಾರದೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 1927ರಲ್ಲಿ ಪ್ರಕಾಶಕ ರಾಜಪಾಲನನ್ನು ಬಿಡುಗಡೆ ಮಾಡಿತು. ಅದೇ ವರ್ಷ, ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿಯೂ ದುರುದ್ದೇಶದಿಂದಲೂ ಕೆರಳಿಸುವುದನ್ನು ಅಪರಾಧವೆನ್ನುವ 295-ಎ ಕಲಮು ಬಂದಿತು. ಹೊಸ ಕಾನೂನು ಬಂದ ಮೇಲೂ ಹಿಂಸೆ ತಪ್ಪಲಿಲ್ಲ. 1929ರಲ್ಲಿ ರಾಜಪಾಲನು ಇರಿತಕ್ಕೆ ಬಲಿಯಾದನು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ ಪತ್ರಿಕೆಗಳನ್ನು ನಿರ್ಬಂಧಿಸುವ ಕಾನೂನು ಬಂದು ಪತ್ರಕರ್ತರ ಪ್ರತಿಭಟನೆಗೆ ಕಾರಣವಾಗಿದ್ದಿತು.

ಸ್ವತಂತ್ರ ಭಾರತದ ಸಂವಿಧಾನವು 19ನೆಯ ಅನುಚ್ಛೇದದಲ್ಲಿ ವಾಕ್ ಸ್ವಾತಂತ್ರ್ಯವನ್ನು ನೀಡಿತು. 1950ರಲ್ಲಿ ರೊಮೇಶ್ ಥಾಪರ್ ಅವರ ಪತ್ರಿಕೆಯ ಮೇಲೆ ಮದರಾಸು ಸರ್ಕಾರವು ವಿಧಿಸಿದ್ದ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿತು. ಮರುವರ್ಷದ ಮೊದಲನೆಯ ತಿದ್ದುಪಡಿಯು ‘ಸಾರ್ವಜನಿಕ ಸುವ್ಯವಸ್ಥೆ’ ಮತ್ತು ‘ಅಪರಾಧಕ್ಕೆ ಪ್ರಚೋದನೆ’ ಎಂಬ ಕಾರಣಗಳನ್ನು ನಿರ್ಬಂಧದ ಕಾರಣಗಳೊಡನೆ ಸೇರಿಸಿತು. ಆದರೆ ನಿರ್ಬಂಧವು ‘ಸಮಂಜಸ’ವಾಗಿರಬೇಕೆಂಬ ಷರತ್ತನ್ನೂ ಹಾಕಿತು. 1957ರಲ್ಲಿ ರಾಮಜಿಲಾಲ್ ಮೋದಿ ಪ್ರಕರಣದಲ್ಲಿ 295-ಎ ಕಲಮನ್ನು ಎತ್ತಿಹಿಡಿದ ನ್ಯಾಯಾಲಯವು, ಅಜಾಗರೂಕತೆಯಿಂದ ಅಥವಾ ದುರುದ್ದೇಶವಿಲ್ಲದೆ ಆದ ಅವಮಾನವು ಇದರ ವ್ಯಾಪ್ತಿಗೆ ಬಾರದೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ ಕಲಮುಗಳು 196 ಮತ್ತು 299 ಎಂಬ ಸಂಖ್ಯೆಗಳನ್ನು ಪಡೆದಿವೆ.

ಅಪರಾಧಿಯನ್ನು ಶಿಕ್ಷಿಸುವುದು ಒಂದು. ಗ್ರಂಥವನ್ನೇ ಮುಟ್ಟುಗೋಲು ಹಾಕಿಕೊಳ್ಳುವುದು ಇನ್ನೊಂದು. 1973ರ ದಂಡಪ್ರಕ್ರಿಯಾ ಸಂಹಿತೆಯ 95ನೆಯ ಕಲಮು ರಾಜ್ಯ ಸರ್ಕಾರಕ್ಕೆ ಈ ಎರಡನೆಯ ಅಧಿಕಾರವನ್ನು ನೀಡಿದ್ದಿತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮಾಗಿದೆ. ಪುಸ್ತಕದಲ್ಲಿ ಇಂತಹ ಅಪರಾಧದ ಅಂಶಗಳಿವೆಯೆಂದು ಸರ್ಕಾರಕ್ಕೆ ತೋರಿದರೆ, ಆ ಅಭಿಪ್ರಾಯದ ಆಧಾರಗಳನ್ನು ತಿಳಿಸಿ ಅಧಿಸೂಚನೆ ಹೊರಡಿಸಿ ಎಲ್ಲ ಪ್ರತಿಗಳನ್ನೂ ವಶಪಡಿಸಿಕೊಳ್ಳಬಹುದು. ಬಾಧಿತನಾದವನು ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೊರೆಹೋಗಬಹುದು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠವು ಅದನ್ನು ವಿಚಾರಿಸುತ್ತದೆ. ಲೇಖಕನ ಮೇಲೆ ಅಪರಾಧವು ಸಿದ್ಧವಾಗುವ ಮೊದಲೇ ಗ್ರಂಥವು ಮರೆಯಾಗುವುದು ಈ ಕಲಮಿನ ವಿಶೇಷ.

ಈ ಅಧಿಕಾರವು ಶರಣ ಸಾಹಿತ್ಯದ ಕ್ಷೇತ್ರದಲ್ಲಿ ಪ್ರಯೋಗವಾದುದು 1990ರ ದಶಕದಲ್ಲಿ. ಡಾ. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿದ್ದಿತು. ಅಕ್ಕನಾಗಮ್ಮನವರ ಬದುಕು ಮತ್ತು ಚೆನ್ನಬಸವಣ್ಣನವರ ಜನನವನ್ನು ಕುರಿತು ಅದರಲ್ಲಿ ಬಂದ ಚಿತ್ರಣವು ಭಕ್ತರ ಮನಸ್ಸಿಗೆ ತೀವ್ರ ನೋವನ್ನುಂಟುಮಾಡಿತು. 1997ರಲ್ಲಿ ಸರ್ಕಾರವು ಕಾದಂಬರಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ‘ಬರಗೂರು ರಾಮಚಂದ್ರಪ್ಪ ವಿರುದ್ಧ ಕರ್ನಾಟಕ ಸರ್ಕಾರ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವೂ 2007ರಲ್ಲಿ ಸರ್ಕಾರದ ಕ್ರಮವನ್ನು ಒಪ್ಪಿತು. ಒಬ್ಬರ ಸ್ವಾತಂತ್ರ್ಯವು ಇನ್ನೊಬ್ಬರ ಶ್ರದ್ಧೆಯನ್ನು ಗಾಸಿಗೊಳಿಸುವ ಪರವಾನಗಿಯಲ್ಲ. ಮುಟ್ಟುಗೋಲು ಮುಂಜಾಗ್ರತೆಯ ಸ್ವರೂಪದ್ದು. ಸರ್ಕಾರದ ಆಧಾರಗಳು ಸರಿಯಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು ಎಂಬುದು ಆ ತೀರ್ಪಿನ ಧೋರಣೆ.

ಎರಡನೆಯ ವ್ಯಾಜ್ಯವು ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಗೆ ಸಂಬಂಧಿಸಿದುದು. ಬಸವಣ್ಣನವರ ವಚನಗಳ ಈ ಸಂಕಲನದಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಬದಲಿಸಲಾಗಿದ್ದಿತು. 1998ರಲ್ಲಿ ಸರ್ಕಾರವು ಈ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು; 2017ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶದಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ಅಂಕಿತವು ವಚನಕಾರರ ಮುದ್ರೆ. ಅದನ್ನು ತಿದ್ದುವ ಅಧಿಕಾರ ಯಾವ ಸಂಪಾದಕರಿಗೂ ಇಲ್ಲವೆಂಬುದು ಗ್ರಂಥಸಂಪಾದನ ಶಾಸ್ತ್ರದ ಮೊದಲ ಪಾಠ. ಆದರೆ ಕೂಡಲಸಂಗಮದೇವನ ಅಂಕಿತವನ್ನು ಎಂಟು ಶತಮಾನಗಳ ಕಾಲ ಉಳಿಸಿಕೊಟ್ಟವರು ಯಾರು? ಓಲೆಗರಿಗಳನ್ನು ಪ್ರತಿಮಾಡಿದ ಲಿಪಿಕಾರರು, ಅವುಗಳನ್ನು ಮನೆಮನೆಗಳಿಂದ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು, ಬಳಿಕ ಸಮಗ್ರ ವಚನ ಸಂಪುಟಗಳನ್ನು ಸಿದ್ಧಪಡಿಸಿದ ವಿದ್ವಾಂಸರು. ತಪ್ಪು ಪಾಠಕ್ಕೆ ಶಾಶ್ವತ ಉತ್ತರವು ಸರಿಯಾದ ಪಾಠವೇ ಆಗಿದೆ.

ಆ ಸಮಗ್ರ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರ ವಿಷಯವನ್ನು ಇಲ್ಲಿ ಹೇಳದೆ ಇರಲಾಗದು. 1980ರ ದಶಕದ ಕೊನೆಯಲ್ಲಿ ‘ಮಾರ್ಗ’ ಸಂಪುಟದ ಕೆಲವು ಲೇಖನಗಳು ಶರಣರ ಚರಿತ್ರೆಯ ಇಂತಹುದೇ ಸೂಕ್ಷ್ಮ ವಿಷಯಗಳನ್ನು ಎತ್ತಿಕೊಂಡಾಗ ಉಗ್ರ ಪ್ರತಿಭಟನೆ ನಡೆಯಿತು. 1989ರಲ್ಲಿ ಅವರು ಒತ್ತಡಕ್ಕೆ ಮಣಿದು ಆ ಅಭಿಪ್ರಾಯಗಳನ್ನು ಹಿಂತೆಗೆದುಕೊಂಡರು. ಅಲ್ಲಿ ನ್ಯಾಯಾಲಯದ ಆದೇಶ ಯಾವುದೂ ಇರಲಿಲ್ಲ. ವಿದ್ವಾಂಸರ ವಾದವನ್ನು ವಾದದಿಂದ ಖಂಡಿಸಿದುದೂ ಅಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಈ ಎರಡು ಘಟನೆಗಳ ನಡುವೆ ಕಾಲು ಶತಮಾನದ ಅಂತರವಿದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸುವುದು ಸರಿಯಲ್ಲ. ಬರೆದವನ ಪ್ರಾಣಕ್ಕೆ ಭಯವಿರುವ ನಾಡಿನಲ್ಲಿ ಸಂಶೋಧನೆ ಬೆಳೆಯದು ಎಂಬ ಪಾಠವು ಮಾತ್ರ ಎರಡಕ್ಕೂ ಸಮಾನ.

ಮಾತಿನಿಂದ ಹಿಂಸೆ ಹುಟ್ಟುವ ಭಯವು ಕೇವಲ ಕಲ್ಪಿತವೆಂದು ಹೇಳುವಂತಿಲ್ಲ. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದಿತವಾದ ಸಣ್ಣಕಥೆಯೊಂದು ಬಂದಿತು. ಕಥೆಯು ಪ್ರವಾದಿಯವರನ್ನು ಕುರಿತದ್ದಲ್ಲವಾದರೂ, ಅದರ ಶೀರ್ಷಿಕೆಯಲ್ಲಿ ಅವರ ಹೆಸರು ಹೀನಾರ್ಥದ ಶಬ್ದದೊಡನೆ ಬಂದುದು ಗಲಭೆಗೆ ಕಾರಣವಾಯಿತು. ಬೆಂಗಳೂರು ಮೈಸೂರುಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2020ರ ಆಗಸ್ಟ್ 11ರಂದು ಬೆಂಗಳೂರಿನ ದೇವರಜೀವನಹಳ್ಳಿ ಮತ್ತು ಕಾಡುಗೊಂಡನಹಳ್ಳಿಗಳಲ್ಲಿ, ಸಾಮಾಜಿಕ ಜಾಲತಾಣದ ಒಂದು ಬರಹದಿಂದಾಗಿ ಬೆಂಕಿ, ಗೋಲಿಬಾರು, ಸಾವುಗಳಾದವು. ಆಳುವವರು ಇಂತಹ ಅನುಭವಗಳನ್ನು ಮರೆತು ಆಳಲಾರರು.

ಹಾಗಾದರೆ ಮಾತಿನ ಪರಿಣಾಮವನ್ನು ಯಾರ ಕಿವಿಯಿಂದ ಅಳೆಯಬೇಕು? ವಿಷಯದ ತಿರುಳೇ ಇದು. 1988ರಲ್ಲಿ ‘ತಮಸ್’ ದೂರದರ್ಶನ ಧಾರಾವಾಹಿಯನ್ನು ತಡೆಯಬೇಕೆಂಬ ಅರ್ಜಿ ಬಂದಾಗ, ಮಾತನ್ನು ಅಳೆಯಬೇಕಾದುದು ವಿವೇಕಿಯೂ ದೃಢಚಿತ್ತನೂ ಆದ ಮನುಷ್ಯನ ಅಳತೆಯಿಂದ, ಪ್ರತಿಯೊಂದರಲ್ಲಿಯೂ ಅಪಾಯವನ್ನು ಕಾಣುವ ದುರ್ಬಲನ ಅಳತೆಯಿಂದಲ್ಲ ಎಂಬ ಹಳೆಯ ನ್ಯಾಯವನ್ನು ಸರ್ವೋಚ್ಚ ನ್ಯಾಯಾಲಯವು ಅನುಸರಿಸಿತು. ಮರುವರ್ಷ ರಂಗರಾಜನ್ ಪ್ರಕರಣದಲ್ಲಿ, ಮಾತಿಗೂ ಅಪಾಯಕ್ಕೂ ಮದ್ದಿನ ಪೀಪಾಯಿಗೂ ಕಿಡಿಗೂ ಇರುವಂತಹ ಸಮೀಪ ಸಂಬಂಧವಿರಬೇಕೆಂದಿತು. ಎದುರಾಳಿಗಳು ಗಲಭೆ ಮಾಡುತ್ತಾರೆಂಬ ಕಾರಣಕ್ಕೆ ಮಾತನ್ನು ತಡೆಯುವುದು ಬೆದರಿಕೆಗೆ ಶರಣಾದಂತೆ, ಗಲಭೆಯನ್ನು ತಡೆಯುವುದು ಸರ್ಕಾರದ ಕರ್ತವ್ಯ ಎಂದಿತು. 2025ರಲ್ಲಿ ಗುಜರಾತಿನ ಕವಿತೆಯೊಂದರ ಪ್ರಕರಣದಲ್ಲಿಯೂ ದೃಢಚಿತ್ತರ ಅಳತೆಯನ್ನೇ ಎತ್ತಿಹಿಡಿಯಿತು. 2007ರ ತೀರ್ಪಿನಲ್ಲಿ ಶ್ರದ್ಧಾವಂತರ ನೋವಿಗೆ ಹೆಚ್ಚು ತೂಕ. ಈ ತೀರ್ಪುಗಳಲ್ಲಿ ಪ್ರಚೋದನೆಯ ಸಾಮೀಪ್ಯಕ್ಕೆ ಹೆಚ್ಚು ತೂಕ.

ತೀರ್ಪಿಗೆ ತಲೆಬಾಗುವುದು ಪ್ರಜೆಯ ಧರ್ಮ. ಅದನ್ನು ವಿನಯದಿಂದ ವಿಮರ್ಶಿಸುವುದೂ ಅಭ್ಯಾಸಿಯ ಧರ್ಮ. ಶರಣ ಪರಂಪರೆಗೆ ಎರಡನೆಯ ಮಾರ್ಗವೇ ಹೆಚ್ಚು ಸಮೀಪವೆಂದು ನನ್ನ ಅಭಿಪ್ರಾಯ. ಕೇಳುವವನ ನೋವೇ ಅಳತೆಯಾದರೆ, ಈ ನಾಡಿನಲ್ಲಿ ಮೊದಲು ಮುಟ್ಟುಗೋಲಾಗಬೇಕಾದುದು ವಚನಗಳೇ. ಕೋಪದ ತೀವ್ರತೆಯೇ ಅಳತೆಯಾದರೆ, ಹೆಚ್ಚು ಕಲ್ಲು ತೂರುವ ಗುಂಪಿಗೆ ಹೆಚ್ಚು ರಕ್ಷಣೆ ದೊರೆಯುತ್ತದೆ. ಶಾಂತವಾಗಿ ಸಹಿಸಿದವನಿಗೆ ಏನೂ ದೊರೆಯದು. ಅಂತಹ ಕಾನೂನು ಹಿಂಸೆಯನ್ನು ತಡೆಯುವ ಬದಲು ಹಿಂಸೆಗೆ ಬಹುಮಾನ ಕೊಟ್ಟಂತಾಗುತ್ತದೆ. ಅಕ್ಕನಾಗಮ್ಮನವರ ಗೌರವವು ನಮಗೆ ಪ್ರಾಣಕ್ಕಿಂತ ಹೆಚ್ಚು ಎಂಬುದು ನಿಜ. ಚೆನ್ನಬಸವಣ್ಣನವರ ಜನನದ ವಿಷಯದಲ್ಲಿ ನಮ್ಮ ಪುರಾಣಗಳಲ್ಲಿಯೇ ಒಂದಕ್ಕಿಂತ ಹೆಚ್ಚು ನಿರೂಪಣೆಗಳಿರುವುದೂ ನಿಜ. ಅವುಗಳನ್ನು ಮುಂದಿಟ್ಟು ಕಾದಂಬರಿಯ ಕಲ್ಪನೆ ನಿರಾಧಾರವೆಂದು ತೋರಿಸುವ ವಿದ್ವತ್ತು ನಮ್ಮ ಮಠಗಳಲ್ಲಿ ಎಂದೂ ಕೊರತೆಯಾಗಿರಲಿಲ್ಲ.

ಇದರಿಂದ ಎಲ್ಲೆಯೇ ಬೇಡವೆಂದು ಅರ್ಥ ಮಾಡಬಾರದು. ಒಂದು ಜನವರ್ಗವನ್ನು ಹೊಡೆಯಿರಿ, ಊರಿನಿಂದ ಅಟ್ಟಿರಿ ಎಂದು ಕರೆಕೊಡುವ ಮಾತು ವಿಚಾರವಲ್ಲ, ಅದು ಹಿಂಸೆಯ ಮೊದಲ ಹೆಜ್ಜೆ. ಅಂತಹ ದ್ವೇಷದ ಮಾತಿನ ಬಗ್ಗೆ ಯಾರೂ ದೂರು ಕೊಡದಿದ್ದರೂ ಸ್ವಯಂ ಮೊಕದ್ದಮೆ ದಾಖಲಿಸಬೇಕೆಂದು 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೆ ನೀಡಿದ ಆದೇಶವು ಯುಕ್ತವಾದುದು. ಆಡಿದವನ ಉದ್ದೇಶವೇನು, ಮಾತಿಗೂ ಹಿಂಸೆಗೂ ಇರುವ ಅಂತರವೆಷ್ಟು, ಮಾತು ಹಿಂಸೆಗೆ ಕರೆಯುತ್ತಿದೆಯೋ ಅಥವಾ ಅದನ್ನು ಕೇಳಿ ಇನ್ನೊಬ್ಬನು ಹಿಂಸೆಗಿಳಿಯುವೆನೆಂದು ಬೆದರಿಸುತ್ತಿದ್ದಾನೋ ಎಂಬ ಮೂರನ್ನು ಬೇರೆಬೇರೆಯಾಗಿ ಪರಿಶೀಲಿಸಿದಾಗ ಎಲ್ಲೆಯು ತಾನಾಗಿ ಗೋಚರಿಸುತ್ತದೆ. ಕರೆದವನನ್ನು ದಂಡಿಸಬೇಕು, ಬೆದರಿಸಿದವನನ್ನೂ ದಂಡಿಸಬೇಕು, ವಿಚಾರವನ್ನು ಹೇಳಿದವನಿಗೆ ವಿಚಾರದಿಂದಲೇ ಉತ್ತರ ಕೊಡಬೇಕು.

ನಮ್ಮ ಭಾಗಕ್ಕೆ ಬರುವ ಕರ್ತವ್ಯವೂ ಇದರಿಂದಲೇ ತಿಳಿಯುತ್ತದೆ. ಶರಣರನ್ನು ಕುರಿತು ಅಪ್ರಿಯವಾದ ಬರಹವೊಂದು ಬಂದಾಗ, ಅದನ್ನು ಓದದೆ ಬೀದಿಗಿಳಿಯುವ ಮೊದಲು ಪೂರ್ತಿಯಾಗಿ ಓದುವವರು ನಮ್ಮಲ್ಲಿ ಇರಬೇಕು. ಓಲೆಗರಿಯ ಪಾಠವನ್ನೂ ಶಾಸನದ ಸಾಕ್ಷ್ಯವನ್ನೂ ಪುರಾಣಗಳ ಪಾಠಭೇದವನ್ನೂ ಬಲ್ಲ ತರುಣರನ್ನು ಮಠದ ಪಾಠಶಾಲೆಗಳು ಸಿದ್ಧಗೊಳಿಸಬೇಕು. ಬರೆಯುವವರೂ ಇತರರ ಪೂಜ್ಯರನ್ನು ಕುರಿತು ಬರೆಯುವಾಗ ಆಧಾರವನ್ನು ಎರಡು ಬಾರಿ ನೋಡಿ ಬರೆಯಬೇಕು. ಬಿಜ್ಜಳನ ದಂಡವು ಶರಣರ ನುಡಿಯನ್ನು ಅಳಿಸಲಿಲ್ಲ; ಜಗದೇವನ ಕತ್ತಿಯು ಅದನ್ನು ಉಳಿಸಲೂ ಇಲ್ಲ. ಓಲೆಗರಿಗಳ ಕಟ್ಟನ್ನು ಹೊತ್ತು ಕಾಡುದಾರಿ ಹಿಡಿದವರಿಂದ ಅದು ಉಳಿಯಿತು.